ಮೂರನೇ ಕ್ಲಾಸು ಮುಗಿಯುವುದರೊಳಗೆ ಓದು, ಲೆಕ್ಕ: ಊರಿನವರು ಮಾಡಬಹುದಾದ ಕೆಲಸ

ನಮ್ಮ ಉತ್ತರ ಕನ್ನಡದ ಯಾವುದೇ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ ಕೂತರೂ ಮಾತು ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತೇ ಇದೆ. ಹೆಂಚು ಜಾರಿದೆ, ಕಂಪೌಂಡ್ ಕುಸಿದಿದೆ, ನೀರಿನ ಟ್ಯಾಂಕು ಸೋರುತ್ತಿದೆ. ಇವೆಲ್ಲ ಬೇಕಾದದ್ದೇ. ಇಲ್ಲಿಯ ಮಳೆಗೆ ಸೋರುವ ಮಾಡಿನ ಕೆಳಗೆ ಕೂತು ಯಾರೂ ಓದಲಾರರು. ಆದರೆ "ಎರಡನೇ ಕ್ಲಾಸಿನ ಎಷ್ಟು ಮಕ್ಕಳು ಒಂದು ಸಾಲನ್ನು ಸರಾಗವಾಗಿ ಓದುತ್ತಾರೆ?" ಅಂತ ಆ ಸಭೆಯಲ್ಲಿ ಯಾರಾದರೂ ಕೇಳಿದ್ದು ಅಪರೂಪ, ಅಲ್ವಾ?

ಆ ಪ್ರಶ್ನೆ ಕೇಳುವುದು ಹೇಗೆ, ಉತ್ತರ ಸಿಕ್ಕ ಮೇಲೆ ಯಾರ ಹತ್ತಿರ ಹೋಗಿ ಏನು ಕೇಳಬೇಕು ಅನ್ನುವುದಕ್ಕೆ ಈ ಬರಹ. ಪಾಲಕರು, ಎಸ್‌ಡಿಎಂಸಿ ಸದಸ್ಯರು, ಹಳೆ ವಿದ್ಯಾರ್ಥಿಗಳು, ಪಂಚಾಯ್ತಿಯವರು ಇದನ್ನು ಬಳಸಿಕೊಳ್ಳಬಹುದು. ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಯಾವ ಮಗು ಎಲ್ಲಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುವ ತನಕ ಯಾರ ಸಹಾಯವನ್ನೂ ಕೇಳಬೇಡಿ.

1. ಸರ್ಕಾರವೇ ಇಟ್ಟುಕೊಂಡ ಗುರಿ ಏನು, ತಿಳಿದುಕೊಳ್ಳಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನವನ್ನು ಎಲ್ಲಕ್ಕಿಂತ ಮುಂದಿಟ್ಟಿತು. ಶಾಲೆಗಳಲ್ಲಿ ಇದಕ್ಕೆ ಎಫ್‌ಎಲ್‌ಎನ್ ಅನ್ನುತ್ತಾರೆ. 2021ರ ಜುಲೈ 5ರಂದು ಇದಕ್ಕೆಂದೇ ಕೇಂದ್ರ ಸರ್ಕಾರದ 'ನಿಪುಣ್ ಭಾರತ್' ಕಾರ್ಯಕ್ರಮ ಶುರುವಾಯಿತು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರಬೇಕು. 2026–27ರೊಳಗೆ ಇದು ಆಗಬೇಕು ಅನ್ನುವುದು ಅದರ ಗಡುವು.

ಗುರಿಯನ್ನು ಸರಳವಾಗಿ ಹೇಳುವುದಾದರೆ ಹೀಗೆ. ಒಂದನೇ ಕ್ಲಾಸಿನ ಕೊನೆಗೆ ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಗೊತ್ತಿರಬೇಕು. ಎರಡರಲ್ಲಿ 999, ಮೂರರಲ್ಲಿ 9999. ಮೂರನೇ ಕ್ಲಾಸಿಗೆ ನಿಮಿಷಕ್ಕೆ ಕನಿಷ್ಠ 60 ಪದ ಓದಿ ಅರ್ಥ ಮಾಡಿಕೊಳ್ಳಬೇಕು ಅಂತಲೂ ಇದೆ.

ಈ ಪದಗಳ ಲೆಕ್ಕವನ್ನು ಮಾತ್ರ ತಲೆಗೆ ಹಚ್ಚಿಕೊಳ್ಳಬೇಡಿ. ಕನ್ನಡದಲ್ಲಿ 'ತೋಟದೊಳಗಿನಿಂದ' ಅನ್ನುವುದೂ ಒಂದೇ ಪದ, 'ಮರ' ಅನ್ನುವುದೂ ಒಂದೇ ಪದ. 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಒಂದೊಂದು ಭಾಷೆಗೆ ಬೇರೆ ಬೇರೆ ಮಟ್ಟ ಗೊತ್ತುಮಾಡಿದ್ದೂ ಇಂಥ ಕಾರಣಕ್ಕೇ. ಗಡಿಯಾರ ಹಿಡಿದು ಮಗುವಿನ ಮುಂದೆ ಕೂರಬೇಡಿ.

ಗುರಿಗೂ ವಾಸ್ತವಕ್ಕೂ ನಡುವೆ ಎಷ್ಟು ಅಂತರವಿದೆ? ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುವ 2022ರ ಅಸರ್ ಸಮೀಕ್ಷೆಯಲ್ಲಿ ಶೇ. 16.3 ಇದ್ದರು. 2024ಕ್ಕೆ ಅದು ಶೇ. 23.4 ಆಯಿತು. ಏರಿದೆ, ನಿಜ. ಆದರೂ ನಾಲ್ವರಲ್ಲಿ ಮೂವರು ಇನ್ನೂ ಓದುತ್ತಿಲ್ಲ. ನಿಮ್ಮೂರ ಶಾಲೆಯ ಕಥೆ ಬೇರೆ ಇರಬಹುದು. ಬೇರೆ ಹೌದೋ ಅಲ್ಲವೋ ನೋಡೋಣ.

2. ಒಂದೊಂದೇ ಮಗುವನ್ನು ಓದಿಸಿ ನೋಡಿ

ಮೊದಲು ಮಾಸ್ತರು ಅಥವಾ ಅಕ್ಕೋರ ಜೊತೆ ಕೂತು ಮಾತಾಡಿ. ಅವರನ್ನು ಹಿಡಿದುಹಾಕಲು ಬಂದಿದ್ದೀರಿ ಅನ್ನಿಸಿದರೆ ಕೆಲಸ ಅಲ್ಲೇ ಕೆಟ್ಟಿತು. "ನೀವೇ ಓದಿಸಿ, ನಾವು ಬರೆದುಕೊಳ್ಳುತ್ತೇವೆ" ಅನ್ನಿ.

ಜಗಲಿಯ ಮೂಲೆಯಲ್ಲಿ, ಬೇರೆ ಮಕ್ಕಳಿಗೆ ಕೇಳದಷ್ಟು ದೂರದಲ್ಲಿ, ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎದುರಿಗೆ ಬೇಡ, ಪಕ್ಕದಲ್ಲಿ. ಪಠ್ಯಪುಸ್ತಕ ಕೊಡಬೇಡಿ. ಎಷ್ಟೋ ಮಕ್ಕಳಿಗೆ ಪಾಠ ಬಾಯಿಪಾಠ ಬಂದಿರುತ್ತದೆ. ಪುಟದ ಮೇಲೆ ಕಣ್ಣಿಲ್ಲದೆಯೇ ಗಡಗಡ ಹೇಳುತ್ತಾರೆ. ಅದೇ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅಂದರೆ ಸುಮ್ಮನಾಗುತ್ತಾರೆ. ಇಲ್ಲವೇ ಮೊದಲಿನಿಂದ ಹೇಳಿಕೊಂಡು ಬಂದು ಆ ಪದಕ್ಕೆ ತಲುಪುತ್ತಾರೆ. ಅದನ್ನು ಓದು ಅಂತ ಬರೆದುಕೊಳ್ಳಬೇಡಿ.

ಕೈಯಲ್ಲಿ ಬರೆದ ನಾಲ್ಕು ಚೀಟಿ ಸಾಕು. ಒಂದರಲ್ಲಿ ಬಿಡಿ ಅಕ್ಷರ. ಎರಡನೆಯದರಲ್ಲಿ ಸರ, ಮರ, ದನ, ಗರಗಸದಂಥ ಪದ. ಮೂರನೆಯದರಲ್ಲಿ ಒತ್ತಕ್ಷರ ಇಲ್ಲದ ನಾಲ್ಕು ಸಾಲು:

"ಮಳೆ ಬಂತು. ರವಿ ಕೊಡೆ ಹಿಡಿದ. ಗಾಳಿ ಜೋರಾಗಿ ಬೀಸಿತು. ಕೊಡೆ ಹಾರಿ ಹೋಯಿತು."

ನಾಲ್ಕನೆಯದರಲ್ಲಿ ಒತ್ತಕ್ಷರ ಇರುವ ಸಣ್ಣ ಕಥೆ: "ಅಜ್ಜ ಸೊಪ್ಪಿನ ಬೆಟ್ಟಕ್ಕೆ ಹೋದ. ಕತ್ತಿ ಮರೆತು ಬಂದಿದ್ದ..." ಅಂತ ಶುರುಮಾಡಿ ಏಳೆಂಟು ಸಾಲು ಬರೆಯಿರಿ. ಕನ್ನಡ ಓದಿನಲ್ಲಿ ಮಕ್ಕಳು ಜಾಸ್ತಿ ಎಡವುವುದು ಎರಡು ಕಡೆ. ಕಾಗುಣಿತದಲ್ಲಿ ಒಮ್ಮೆ, ಒತ್ತಕ್ಷರದಲ್ಲಿ ಇನ್ನೊಮ್ಮೆ. ಮೂರನೇ ಚೀಟಿ ಓದಿ ನಾಲ್ಕನೆಯದರಲ್ಲಿ ನಿಂತ ಮಗುವಿಗೆ ಅ, ಆ, ಇ, ಈಯಿಂದ ಮತ್ತೆ ತಿದ್ದಿಸುವುದು ದಂಡ. ಅದಕ್ಕೆ ಬೇಕಾದದ್ದು ಒತ್ತಕ್ಷರ ಮಾತ್ರ.

ಓದಿದ ಮೇಲೆ "ಕೊಡೆ ಏನಾಯಿತು?" ಅಂತ ಕೇಳಿ. ಮಗು ಕೊಂಕಣಿಯಲ್ಲಿ ಹೇಳಿದರೂ, ಕೈ ಮೇಲೆತ್ತಿ ಹಾರಿಹೋದದ್ದನ್ನು ತೋರಿಸಿದರೂ ಅದಕ್ಕೆ ಅರ್ಥವಾಗಿದೆ ಅಂತಲೇ ಲೆಕ್ಕ.

ಗಣಿತಕ್ಕೂ ಇದೇ ರೀತಿ. 1ರಿಂದ 9, ಆಮೇಲೆ ಎರಡಂಕಿ, ಆಮೇಲೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ. 52ರಲ್ಲಿ 38 ಕಳೆಯಲು ಕೊಟ್ಟು ನೋಡಿ. ಉತ್ತರ 26 ಬಂದರೆ ಮಗು ಸುಮ್ನೆ ಊಹಿಸಿ ಬರೆದದ್ದಲ್ಲ. 8ರಲ್ಲಿ 2 ಕಳೆದು 6, 5ರಲ್ಲಿ 3 ಕಳೆದು 2 ಅಂತ ದೊಡ್ಡದರಿಂದ ಸಣ್ಣದನ್ನು ಕಳೆದಿದೆ. ಮೇಲಿನ ಅಂಕಿ ಯಾವುದು, ಕೆಳಗಿನದು ಯಾವುದು ಅಂತ ನೋಡಿಲ್ಲ. ಇಂಥ ಮಗುವಿಗೆ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ಹಾಗೇ ಮಾಡುತ್ತದೆ.

ತೆಂಗಿನ ಗರಿಯ ಕಡ್ಡಿ ತನ್ನಿ. ಹತ್ತತ್ತರ ಐದು ಕಟ್ಟು, ಮೇಲೆ ಎರಡು ಬಿಡಿ ಕಡ್ಡಿ. "ಎಂಟು ಬಿಡಿ ಕಡ್ಡಿ ಕೊಡು" ಅನ್ನಿ. ಇರುವುದು ಎರಡೇ. ಮಗು ನಿಮ್ಮ ಮುಖ ನೋಡುತ್ತದೆ, ಕಟ್ಟು ನೋಡುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಒಂದು ಕಟ್ಟು ಬಿಚ್ಚುತ್ತದೆ. ಈಗ ಹನ್ನೆರಡು ಬಿಡಿ. ಎಂಟು ಕೊಟ್ಟರೆ ನಾಲ್ಕು ಉಳಿಯಿತು. ಉಳಿದ ನಾಲ್ಕು ಕಟ್ಟಿನಲ್ಲಿ ಮೂರು ಕೊಟ್ಟರೆ ಒಂದು. ಹದಿನಾಲ್ಕು. ಆಮೇಲೆ ಪಾಟಿಯಲ್ಲಿ ಬರೆಯಿಸಿ.

ಎಲ್ಲರದೂ ಆದ ಮೇಲೆ ಒಂದು ಹಾಳೆ ತಯಾರಾಗುತ್ತದೆ. ಹೆಸರು, ಅಕ್ಷರ, ಪದ, ಸಾಲು, ಕಥೆ, ಕೂಡುವುದು, ಕಳೆಯುವುದು. ಈ ಹಾಳೆ ಶಾಲೆಯ ಬೀರುವಿನಲ್ಲಿರಲಿ. ಗೋಡೆಗೆ ಹಚ್ಚಬೇಡಿ, ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಖಂಡಿತ ಹಾಕಬೇಡಿ. ಸಭೆಗೆ ಬೇಕಾದದ್ದು ಸಂಖ್ಯೆ, ಹೆಸರಲ್ಲ.

3. ನಲಿಕಲಿ ಏನೆಂದು ಅರ್ಥ ಮಾಡಿಕೊಳ್ಳಿ

"ನಮ್ಮ ಮೊಮ್ಮಗನಿಗೆ ಇನ್ನೂ ಅ ಆ ಇ ಈ ಹೇಳಲು ಬರುವುದಿಲ್ಲ, ಶಾಲೆಯಲ್ಲಿ ಆಟ ಆಡಿಸುತ್ತಾರೆ" ಅಂತ ಅಜ್ಜಿಯರು ಗೊಣಗುವುದನ್ನು ಕೇಳಿರುತ್ತೀರಿ. ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ಈ ಪದ್ಧತಿಯೇ ನಲಿಕಲಿ. ಅದರಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಈ ಐದರಿಂದ. ಆಮೇಲೆ ಜ, ವ, ಮ, ಬ, ನ. ಕಾರಣ ಸರಳ. ಮೊದಲ ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಓದಬಹುದು. ವರ್ಣಮಾಲೆಯ ಮೊದಲ ಐದು ಅಕ್ಷರ ಕಲಿತ ಮಗುವಿಗೆ ಓದಲು ಪದಗಳೇ ಸಿಗುವುದಿಲ್ಲ. ಇದನ್ನು ಅಜ್ಜಿಗೆ ಒಮ್ಮೆ ಬಿಡಿಸಿ ಹೇಳಿದರೆ ಮನೆಯಲ್ಲಿ ತಿದ್ದಿಸುವುದೂ ಅದೇ ಕ್ರಮದಲ್ಲಿ ನಡೆಯುತ್ತದೆ.

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿ ವ್ಯಾಲಿಯ ಪ್ರಯೋಗ ನೋಡಿಬಂದ ಶಿಕ್ಷಕರಿಂದ, ಯುನಿಸೆಫ್ ನೆರವಿನಲ್ಲಿ ಬೆಳೆಯಿತು. ಆಮೇಲೆ ರಾಜ್ಯದ ಎಲ್ಲ ಕಡೆ ಬಂತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂತು, ಕಾರ್ಡು ಹಿಡಿದು ಮೈಲಿಗಲ್ಲು ದಾಟುತ್ತಾ ಹೋಗುತ್ತಾರೆ. ಕೆಲವರು ಮಾಸ್ತರ ಹತ್ತಿರ, ಕೆಲವರು ಜೊತೆಯ ಮಕ್ಕಳ ಹತ್ತಿರ, ಕೆಲವರು ತಾವಾಗಿಯೇ. ಮಳೆ, ಜ್ವರ ಅಂತ ಹದಿನೈದು ದಿನ ಬಿಟ್ಟು ಬಂದ ಮಗು ತಾನು ನಿಂತ ಮೈಲಿಗಲ್ಲಿನಿಂದಲೇ ಮುಂದೆ ಹೋಗಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹತ್ತು ಹದಿನೈದು ಮಕ್ಕಳ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಆದರೆ ಮಾಸ್ತರರು ಒಬ್ಬರೇ ಆದರೆ? ಐದು ಕ್ಲಾಸು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಅದರ ಮೇಲೆ ನಲಿಕಲಿ. ಆಗ ಮಕ್ಕಳು ಕಾರ್ಡು ಹಿಡಿದು ಕೂತೇ ಇರುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಒಂದರಿಂದ ಐದರವರೆಗಿನ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರಿರಬೇಕು. ಇಲ್ಲದಿದ್ದರೆ ಎಸ್‌ಡಿಎಂಸಿ ಠರಾವು ಮಾಡಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಬರೆಯಿರಿ, ಕನಿಷ್ಠ ಅತಿಥಿ ಶಿಕ್ಷಕರನ್ನಾದರೂ ಕೇಳಿ. ಇದನ್ನು ದಾನಿಗಳಿಂದ ತುಂಬಿಸಲು ಹೋಗಬೇಡಿ. ಸರ್ಕಾರ ಮಾಡಬೇಕಾದ್ದನ್ನು ಊರು ಮಾಡಿತು ಅಂತಾದರೆ ಆ ಹುದ್ದೆ ಬರುವುದೇ ಇಲ್ಲ.

ಇನ್ನು ಮೇಲೆ "ನನ್ನ ಮಗಳು ಎಷ್ಟನೇ ರ‍್ಯಾಂಕು?" ಅಂತ ಕೇಳುವುದು ಬಿಡಿ. "ಯಾವ ಮೈಲಿಗಲ್ಲಿನಲ್ಲಿದ್ದಾಳೆ, ಅಲ್ಲಿ ಎಷ್ಟು ದಿನದಿಂದ ನಿಂತಿದ್ದಾಳೆ?" ಅಂತ ಕೇಳಿ.

4. ಮನೆಮಾತನ್ನು ಶಾಲೆಯೊಳಗೆ ಬಿಟ್ಟುಕೊಳ್ಳಿ

ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟು ಓದಿನ ಮಾತಾಡುವ ಹಾಗೇ ಇಲ್ಲ. ಕಾರವಾರ, ಅಂಕೋಲಾದಲ್ಲಿ ಕೊಂಕಣಿ. ಭಟ್ಕಳದಲ್ಲಿ ನವಾಯತಿ. ಹಳಿಯಾಳ, ಜೋಯಿಡಾ ಕಡೆ ಮರಾಠಿ, ಕೊಂಕಣಿ. ಗೌಳಿವಾಡಗಳಲ್ಲಿ ಮತ್ತೊಂದು, ಸಿದ್ದಿಯರ ಮನೆಗಳಲ್ಲಿ ಇನ್ನೊಂದು. ಕನ್ನಡವೇ ಮನೆಮಾತಾದರೂ ಹವ್ಯಕರ ಕನ್ನಡ ಬೇರೆ, ಹಾಲಕ್ಕಿಗಳ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಮನೆಯಲ್ಲಿ 'ಎಂತ' ಅನ್ನುವ ಮಗು ಪುಸ್ತಕದಲ್ಲಿ 'ಏನು' ಓದುತ್ತದೆ. ಮಾಸ್ತರರು ಬಯಲುಸೀಮೆಯವರಾಗಿದ್ದರೆ ಮೊದಲ ಆರು ತಿಂಗಳು ಇಬ್ಬರೂ ಪೇಚಾಡುತ್ತಾರೆ.

2020ರ ನೀತಿಯೂ ಸಾಧ್ಯವಾದ ಕಡೆ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಿ ಅನ್ನುತ್ತದೆ. ಕೊಂಕಣಿ ಮಾಧ್ಯಮದ ಶಾಲೆ ತೆರೆಯಲು ನಿಮ್ಮಿಂದಾಗದು. ಆದರೆ ಕೈಲಾಗುವ ಕೆಲಸ ಬೇಕಾದಷ್ಟಿದೆ. ಇಬ್ಬರು ತಾಯಂದಿರು ಅಕ್ಕೋರ ಜೊತೆ ಕೂತು ಒಂದೈವತ್ತು ಪದಗಳ ಪಟ್ಟಿ ಮಾಡಲಿ. ಊಟ, ನೀರು, ಬಾ, ಕೂತುಕೋ, ಮೇಲೆ, ಕೆಳಗೆ, ಹೆಚ್ಚು, ಕಡಿಮೆ. ಮನೆಮಾತಿನ ಪದವನ್ನೂ ಕನ್ನಡ ಲಿಪಿಯಲ್ಲಿ ಬರೆದು ಕಲಿಕಾ ಚಪ್ಪರಕ್ಕೆ (ನಲಿಕಲಿ ಕೋಣೆಯಲ್ಲಿ ತಲೆಯ ಮೇಲೆ ಕಟ್ಟಿದ ದಾರಗಳಿಗೆ) ತೂಗುಹಾಕಿ. ವಾರಕ್ಕೊಮ್ಮೆ ಒಬ್ಬ ಅಜ್ಜಿ ಬಂದು ಮನೆಮಾತಿನಲ್ಲೇ ಕಥೆ ಹೇಳಲಿ, ಅದೇ ಕಥೆಯನ್ನು ಮಾರನೇ ದಿನ ಅಕ್ಕೋರು ಕನ್ನಡದಲ್ಲಿ ಹೇಳಲಿ. ಕಥೆ ಮೊದಲೇ ಗೊತ್ತಿರುವುದರಿಂದ ಮಗುವಿಗೆ ಕನ್ನಡದ ಪದಗಳು ತಾವಾಗಿ ಅಂಟಿಕೊಳ್ಳುತ್ತವೆ.

ಅಂಗನವಾಡಿಯನ್ನೂ ಮರೆಯಬೇಡಿ. ಒಂದನೇ ಕ್ಲಾಸಿಗೆ ಬರುವ ಮಗು ಹಾಡು, ಕಥೆ, ಎಣಿಕೆ ಕಲಿತು ಬಂದಿದ್ದರೆ ಅರ್ಧ ಕೆಲಸ ಹಗುರ. ಅಂಗನವಾಡಿ ಕಾರ್ಯಕರ್ತೆ ಮತ್ತು ಒಂದನೇ ಕ್ಲಾಸಿನ ಅಕ್ಕೋರು ಏಪ್ರಿಲ್‌ನಲ್ಲೊಮ್ಮೆ ಕೂತು ಮಾತಾಡಿದರೆ ಸಾಕು.

5. ಜಿಲ್ಲೆಯ ಕಾಲಮಾನ ನೋಡಿ ಯೋಜನೆ ಹಾಕಿ

ಕಡಲತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿಗೆ ಹೋಗುವ ಅಪ್ಪಂದಿರು ಮನೆಯಲ್ಲಿರುವ ಕಾಲ ಅದು. ಪಾಲಕರ ಸಭೆ, ಓದಿಸಿ ನೋಡುವ ಕೆಲಸ ಆಗಲೇ ಮುಗಿಸಿ. ಆಗಸ್ಟ್ ಬಂತೆಂದರೆ ಯಾರೂ ಸಿಗುವುದಿಲ್ಲ. ಘಟ್ಟದ ಮೇಲೆ ಇದು ತಿರುವುಮುರುವು. ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಮಕ್ಕಳೇ ಕಡಿಮೆ, ದೀಪಾವಳಿ ಕಳೆದ ಮೇಲೆ ಅಡಿಕೆ ಕೊಯ್ಲು. ಅಲ್ಲಿ ಹೆಚ್ಚು ಹೊತ್ತು ಓದಿಸಲು ಒಳ್ಳೇ ಸಮಯ ಆಗಸ್ಟ್ ಕೊನೆಯಿಂದ ಅಕ್ಟೋಬರ್ ರಜೆಯ ತನಕ. ಮಳೆ ರಜೆ ಬಂದರೆ ಮಗುವಿನ ಮಟ್ಟಕ್ಕೆ ಹೊಂದುವ ಎರಡು ಕಥೆಯ ಹಾಳೆ ಮೊದಲೇ ಮನೆಯಲ್ಲಿರಲಿ.

6. ಈಗ ಜೊತೆಗಾರರನ್ನು ಹುಡುಕಿ

ಹಾಳೆ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. "ಶಾಲೆಗೆ ಏನಾದರೂ ಕೊಡಿ" ಅಂದರೆ ಟಿವಿ ಬರುತ್ತದೆ. ಒಂದು ಶಾಲೆಯಲ್ಲಿ ನಾನೇ ನೋಡಿದ್ದೇನೆ. ದಾನಿಗಳ ಹೆಸರು ಬರೆದ ಫಲಕ ಗೋಡೆಯ ತುಂಬ, ಸ್ಮಾರ್ಟ್ ಟಿವಿಗೆ ಧೂಳು ಬೀಳದಂತೆ ಹೂವಿನ ಬಟ್ಟೆ ಹೊದಿಸಿದ್ದಾರೆ. ಮೂರನೇ ಕ್ಲಾಸಿನ ಮಕ್ಕಳ ಕೈಗೆ ಸಿಗುವ ಕಥೆಪುಸ್ತಕ ಒಂದೂ ಇಲ್ಲ.

ಮೊದಲು ಇಲಾಖೆಯೊಳಗೇ ಕೇಳಿ. ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಕರಾವಳಿಯ ಐದು ತಾಲ್ಲೂಕು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ತಪ್ಪು ಕಚೇರಿಗೆ ಹೋದರೆ ಒಂದು ದಿನ ಹಾಳು. ಹತ್ತಿರದವರು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ). ಅವರು ತರಗತಿಯಲ್ಲಿ ಕೂತು ಮಾಸ್ತರರಿಗೆ ನೆರವಾಗಬೇಕಾದವರು, ಬರೀ ಮಾಹಿತಿ ಒಯ್ಯುವವರಲ್ಲ. "ನಮ್ಮಲ್ಲಿ ಒತ್ತಕ್ಷರದಲ್ಲಿ ಆರು ಮಕ್ಕಳು ನಿಂತಿದ್ದಾರೆ, ಒಂದು ಪಾಠ ಮಾಡಿ ತೋರಿಸಿ" ಅಂತ ಕೇಳಿ. ಕುಮಟಾದ ಡಯಟ್‌ನಂಥ ಸಂಸ್ಥೆಗಳಿರುವುದೂ ಶಿಕ್ಷಕರ ತರಬೇತಿಗೇ. ಸರ್ಕಾರದ 'ಸಮಗ್ರ ಶಿಕ್ಷಣ' ಯೋಜನೆಯಡಿ ಶಾಲಾ ಗ್ರಂಥಾಲಯಕ್ಕೆ ವರ್ಷಕ್ಕೆ 5,000 ರೂಪಾಯಿಯಿಂದ ಮೇಲೆ ಅನುದಾನಕ್ಕೆ ಅವಕಾಶವಿದೆ. ಬಂದಿದೆಯೇ, ಯಾವ ಪುಸ್ತಕ ತಂದರು, ಅವು ಬೀರುವಿನಿಂದ ಹೊರಗೆ ಬಂದಿವೆಯೇ ಅಂತ ನೋಡಿ.

ಪಂಚಾಯ್ತಿಯ ಹತ್ತಿರ ದುಡ್ಡಿಗಿಂತ ಗ್ರಂಥಾಲಯ ಕೇಳಿ. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತವೆ. ಗ್ರಂಥಾಲಯ ನಾಲ್ಕು ಕಿಲೋಮೀಟರ್ ದೂರ ಇದ್ದರೆ ಮಕ್ಕಳನ್ನು ಅಲ್ಲಿಗೆ ಕಳಿಸುವುದಕ್ಕಿಂತ ತಿಂಗಳಿಗೊಮ್ಮೆ ಇಪ್ಪತ್ತು ಪುಸ್ತಕ ಶಾಲೆಗೆ ತರಿಸುವುದು ಸುಲಭ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಇದನ್ನು ಕೇಳಿದರೆ ನಡಾವಳಿಯಲ್ಲಿ ದಾಖಲಾಗುತ್ತದೆ.

ಸಂಸ್ಥೆಗಳ ವಿಷಯ. 'ಪ್ರಥಮ್' ಸಂಸ್ಥೆ ಸರ್ಕಾರದ ಜೊತೆ 'ಓದು ಕರ್ನಾಟಕ' ನಡೆಸಿದೆ. ಅದು ನಾಲ್ಕು, ಐದನೇ ಕ್ಲಾಸಿಗೆ ಬಂದರೂ ಓದು ಬಾರದ ಮಕ್ಕಳನ್ನು ಕ್ಲಾಸಿನ ಪ್ರಕಾರವಲ್ಲದೆ ಮಟ್ಟದ ಪ್ರಕಾರ ಕೂರಿಸಿ ಕಲಿಸುವ ಕ್ರಮ. ಬೆಂಗಳೂರಿನ ಅಕ್ಷರ ಫೌಂಡೇಶನ್‌ನ 'ಗಣಿತ ಕಲಿಕಾ ಆಂದೋಲನ'ದ ಕಿಟ್ ಸರ್ಕಾರಿ ಶಾಲೆಗಳ ನಾಲ್ಕು, ಐದನೇ ತರಗತಿಗೆ ಬಂದದ್ದು. ನಿಮ್ಮ ಶಾಲೆಯ ಕಿಟ್ ಎಲ್ಲಿದೆ ಹುಡುಕಿ. ಹೊಸದು ತರುವ ಮೊದಲು ಇರುವುದರ ಪೆಟ್ಟಿಗೆ ಬಿಚ್ಚೋಣ. ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಕಥೆಗಳು ಮಟ್ಟದ ಪ್ರಕಾರ ಉಚಿತವಾಗಿ ಸಿಗುತ್ತವೆ, ಕೊಂಕಣಿಯವೂ ಇವೆ. ಪ್ರಿಂಟ್ ತೆಗೆದು ಹೊಲಿದರೆ ಪುಸ್ತಕ.

ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಮಿತಿ ದಾಟಿದರೆ ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚುಮಾಡುವ ಕಟ್ಟುಪಾಡಿದೆ, ಶಿಕ್ಷಣವೂ ಅದರಲ್ಲಿ ಸೇರಿದೆ. ಕೈಗಾ ಅಣುಸ್ಥಾವರದಂಥ ದೊಡ್ಡ ಸಂಸ್ಥೆಗಳ ಸುತ್ತಲಿನ ಊರುಗಳು ಈ ಬಾಗಿಲು ತಟ್ಟಿ ನೋಡಬಹುದು. ಹೀಗೆ ಊರು ಮತ್ತು ದಾನಿಗಳು ಸೇರಿ ಶಾಲೆ ಕಟ್ಟುವುದು ನಮಗೆ ಹೊಸತಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಶುರುಮಾಡಿ ಈ ಜಿಲ್ಲೆಯ ಹಳ್ಳಿಗಳಿಗೆ ಶಾಲೆ ತಂದರು.

ಅರ್ಜಿ ಹೀಗಿರಲಿ:

"ನಮ್ಮ ಶಾಲೆಯ 1ರಿಂದ 3ನೇ ತರಗತಿಯಲ್ಲಿ ___ ಮಕ್ಕಳಿದ್ದಾರೆ. ಇವರಲ್ಲಿ ___ ಮಕ್ಕಳು ಪದ ಓದುತ್ತಾರೆ, ಸಾಲು ಓದುವುದಿಲ್ಲ. ___ ಮಕ್ಕಳಿಗೆ ಎರಡಂಕಿಯ ವ್ಯವಕಲನ ಬರುವುದಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಓದಿಸುವ ಒಬ್ಬರು ಮತ್ತು 60 ಕಥೆಪುಸ್ತಕಗಳು ಬೇಕು. ಮಾರ್ಚ್‌ನಲ್ಲಿ ಇದೇ ಮಕ್ಕಳನ್ನು ಮತ್ತೆ ಓದಿಸಿ ಫಲಿತಾಂಶ ತಿಳಿಸುತ್ತೇವೆ."

ಯಾರೇ ಬರಲಿ, ಒಪ್ಪುವ ಮೊದಲು ಕೇಳಿ: ಯಾವ ಮಕ್ಕಳಿಗೆ, ವಾರಕ್ಕೆ ಎಷ್ಟು ಹೊತ್ತು? ತರಬೇತಿ ಅಂತ ಇರುವ ಒಬ್ಬ ಮಾಸ್ತರರನ್ನೂ ಕರೆದುಕೊಂಡು ಹೋಗುತ್ತೀರಾ? ನೀವು ಹೋದ ಮೇಲೆ ಶಾಲೆಯಲ್ಲಿ ಏನು ಉಳಿಯುತ್ತದೆ? ಫೋಟೋ, ಬ್ಯಾನರ್ ವಿಷಯ ಮೊದಲು ಎತ್ತಿದವರ ಹತ್ತಿರ ಸ್ವಲ್ಪ ಹುಷಾರಾಗಿರಿ. ಹೊರಗಿನವರು ಕ್ಲಾಸು ತೆಗೆದುಕೊಳ್ಳುವುದಾದರೆ ಎಸ್‌ಡಿಎಂಸಿ ಠರಾವು, ಬಿಇಒ ಅನುಮತಿ ಎರಡೂ ಕಡತದಲ್ಲಿರಲಿ.

7. ಆ ಒಂದು ಗಂಟೆಯಲ್ಲಿ ಏನು ಮಾಡುವುದು

ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗಿ, ನಿವೃತ್ತ ಶಿಕ್ಷಕರು, ಯಾರಾದರೂ ಆದೀತು. ಮೊದಲು ಹತ್ತು ನಿಮಿಷ ದೊಡ್ಡವರು ಗಟ್ಟಿಯಾಗಿ ಕಥೆ ಓದಬೇಕು, ಬೆರಳು ಸಾಲಿನ ಮೇಲೆ ಓಡುತ್ತಿರಬೇಕು. ಆಮೇಲೆ ಮಟ್ಟದ ಪ್ರಕಾರ ಗುಂಪು: ಕೆಲವರಿಗೆ ಅಕ್ಷರದ ಕಾರ್ಡಿನಿಂದ ಪದ ಕಟ್ಟುವುದು, ಕೆಲವರಿಗೆ ಸಾಲು ಓದುವುದು, ಓದು ಬಂದವರು ಇಬ್ಬಿಬ್ಬರಾಗಿ ಪುಸ್ತಕ ಹಿಡಿದು ಕೂರಲಿ. ಕೊನೆಗೆ ಹದಿನೈದು ನಿಮಿಷ ಲೆಕ್ಕ.

ಲೆಕ್ಕಕ್ಕೆ ಊರೇ ಇದೆಯಲ್ಲ. ಕಾರವಾರದ ಮೀನು ಪೇಟೆ ಕಂಡ ಮಗುವಿಗೆ "ನೂರು ರೂಪಾಯಿಗೆ ಎಂಟು ಬಂಗಡೆ, ಐವತ್ತಕ್ಕೆ ಎಷ್ಟು?" ಅಂದರೆ ಕಾಗದವೇ ಬೇಡ. ಶಿರಸಿ ಕಡೆ ಸೊಸೈಟಿಯ ಅಡಿಕೆ ಬಿಲ್ಲು, ಬಸ್ಸಿನ ಟಿಕೆಟ್ಟು. ಬಾಯಿಲೆಕ್ಕ ಚೆನ್ನಾಗಿ ಬರುವ ಮಗು ಪಾಟಿ ಹಿಡಿದ ಕೂಡಲೇ ತಡವರಿಸಿದರೆ ಅದಕ್ಕೆ ಲೆಕ್ಕ ಬರುವುದಿಲ್ಲ ಅಂತಲ್ಲ, ಅಂಕಿಯಲ್ಲಿ ಬರೆಯುವುದು ಬರುವುದಿಲ್ಲ ಅಂತ. ಹೇಳಿದ್ದನ್ನೇ ಅಲ್ಲೇ ಬರೆಯಿಸಿ.

8. ಎರಡು ತಿಂಗಳಿಗೊಮ್ಮೆ ಹಾಳೆ ತೆಗೆಯಿರಿ

ಅದೇ ಚೀಟಿ ಬೇಡ, ಹೊಸ ಸಾಲು ಬರೆಯಿರಿ. ಸಭೆಯಲ್ಲಿ ಹೆಂಚು, ಕಂಪೌಂಡಿಗಿಂತ ಮೊದಲ ವಿಷಯವಾಗಿ ಈ ಸಂಖ್ಯೆ ಓದಿ. ಶಾಲಾ ಅಭಿವೃದ್ಧಿ ಯೋಜನೆ ಮಾಡುವುದು ಕಾಯ್ದೆಯಂತೆ ಸಮಿತಿಯದೇ ಕೆಲಸ, ಅದರೊಳಗೂ ಇದನ್ನು ಸೇರಿಸಿ.

ಎಲ್ಲರೂ ಒಂದೇ ವೇಗದಲ್ಲಿ ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಆದರೆ ಎರಡು ಸಲ ನೋಡಿದಾಗಲೂ ಒಂದು ಮಗು ಇದ್ದಲ್ಲೇ ಇದ್ದರೆ ಜಾಸ್ತಿ ಪಾಠ ಹೇರಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ಬೋರ್ಡು ಕಾಣದ ಮಗು ಪಕ್ಕದವರದ್ದನ್ನು ನೋಡಿ ಬರೆಯುತ್ತಾ ವರ್ಷಗಟ್ಟಲೆ ತಳ್ಳಿಬಿಡುತ್ತದೆ. ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ. ಆ ದಿನ ಈ ಮಗು ತಪ್ಪಿಸಿಕೊಳ್ಳದಂತೆ ಮನೆಯವರಿಗೆ ಮೊದಲೇ ತಿಳಿಸಿ. ಕಣ್ಣು, ಕಿವಿ ಸರಿಯಿದ್ದರೆ ಬಿಆರ್‌ಸಿಗೆ (ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ) ಹೋಗಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕೇಳಿ. ಹೋಗುವಾಗ ಹಾಳೆಯಲ್ಲಿ ಆ ಮಗುವಿನ ಸಾಲಿನ ಪ್ರತಿ ಮಾತ್ರ ಒಯ್ಯಿರಿ, ಬೇರೆ ಮಕ್ಕಳದ್ದು ಬೇಡ.